ಕಲ್ಲಚ್ಚಿನ ಅಂಚೆಚೀಟಿಗಳಲ್ಲಿ ವರ್ಣಛಾಯೆ ಮತ್ತು ಅಚ್ಚಿನ ಭೇದ: 1854ರ ಅರ್ಧ ಆಣೆಯ ಚೀಟಿಯ ನಿದರ್ಶನ

1. ಪ್ರವೇಶ

ಹತ್ತೊಂಬತ್ತನೆಯ ಶತಮಾನದ ಕನ್ನಡ ಸಾಹಿತ್ಯ ಮತ್ತು ಸಮಾಜವನ್ನು ಕುರಿತು ಸಂಶೋಧನೆ ನಡೆಸುವವರಿಗೆ ಖಾಸಗಿ ಪತ್ರಗಳು ಮುಖ್ಯ ಆಕರಗಳು. ಆದರೆ ಈ ಪತ್ರಗಳನ್ನು ಕಾಲಾನುಕ್ರಮದಲ್ಲಿ ಜೋಡಿಸುವುದು ಸುಲಭದ ಕೆಲಸವಲ್ಲ. ಅನೇಕ ಪತ್ರಗಳಲ್ಲಿ ಮಾಸ, ಪಕ್ಷ, ತಿಥಿಗಳಿದ್ದರೂ ಸಂವತ್ಸರದ ಹೆಸರಿರುವುದಿಲ್ಲ. ಸಂವತ್ಸರದ ಹೆಸರು ಇದ್ದರೂ ಶಕವರ್ಷವಿಲ್ಲದಿದ್ದರೆ ಅರವತ್ತು ವರ್ಷಗಳ ಆವರ್ತನದಿಂದಾಗಿ ಸಂದೇಹ ಉಳಿಯುತ್ತದೆ. 'ಆನಂದ ಸಂವತ್ಸರ' ಎಂದಷ್ಟೇ ಬರೆದ ಪತ್ರ 1854-55ರದ್ದಾಗಿರಬಹುದು, 1914-15ರದ್ದೂ ಆಗಿರಬಹುದು. ಇಂತಹ ಸಂದರ್ಭದಲ್ಲಿ ಲಕೋಟೆಯ ಮೇಲಿನ ಅಂಚೆಚೀಟಿ ಮತ್ತು ಅಂಚೆಮುದ್ರೆಗಳು ಪತ್ರದ ಒಕ್ಕಣೆಗಿಂತ ಹೆಚ್ಚು ಖಚಿತವಾದ ಸಾಕ್ಷ್ಯವನ್ನು ಒದಗಿಸುತ್ತವೆ.

ಕೆಲವು ವರ್ಷಗಳ ಹಿಂದೆ ಕ್ಷೇತ್ರಕಾರ್ಯದ ನಿಮಿತ್ತ ಒಂದು ಹಳೆಯ ಮನೆತನದ ಪತ್ರಗಳ ಕಟ್ಟನ್ನು ಪರಿಶೀಲಿಸುವ ಅವಕಾಶ ಈ ಲೇಖಕನಿಗೆ ಒದಗಿತು. ಕಟ್ಟಿನಲ್ಲಿದ್ದ ಲಕೋಟೆಗಳಲ್ಲಿ ಹೆಚ್ಚಿನವುಗಳ ಬಲ ಮೂಲೆಯನ್ನು ಕತ್ತರಿಯಿಂದ ಕತ್ತರಿಸಿ ತೆಗೆಯಲಾಗಿತ್ತು. ಮನೆಯ ಹುಡುಗರು ಚೀಟಿಗಳನ್ನು ಸಂಗ್ರಹಿಸುತ್ತಿದ್ದರೆಂದೂ ಒಂದೇ ಬಗೆಯವೆಂದು ತೋರಿದವನ್ನು ಎಸೆದರೆಂದೂ ತಿಳಿದುಬಂದಿತು. ಚೀಟಿಯೊಂದಿಗೆ ಮುದ್ರೆಯ ದಿನಾಂಕವೂ ಹೋಗಿತ್ತು. ಆ ಪತ್ರಗಳಲ್ಲಿ ಹಲವಕ್ಕೆ ಇಂದಿಗೂ ಕಾಲನಿರ್ದೇಶನ ಸಾಧ್ಯವಾಗಿಲ್ಲ. 'ಒಂದೇ ಬಗೆಯವು' ಎಂಬ ಆ ಮಾತೇ ಪ್ರಸ್ತುತ ಲೇಖನಕ್ಕೆ ಪ್ರೇರಣೆ. ಬರಿಗಣ್ಣಿಗೆ ಒಂದೇ ಎಂದು ತೋರುವ ಎರಡು ಚೀಟಿಗಳ ನಡುವೆ ವರ್ಷಗಳ ಅಂತರವಿರಬಹುದು. ಹಾಗೆಯೇ ಬಣ್ಣದಲ್ಲಿ ಬೇರೆ ಎಂದು ತೋರುವ ಎರಡು ಚೀಟಿಗಳು ಒಂದೇ ಹಾಳೆಯಿಂದ ಬಂದಿರಬಹುದು. ಇವುಗಳನ್ನು ವಿಂಗಡಿಸುವ ಕ್ರಮವನ್ನು 1854ರ ಅರ್ಧ ಆಣೆಯ ನೀಲಿ ಚೀಟಿಯ ನಿದರ್ಶನದ ಮೂಲಕ ವಿವರಿಸುವುದು ಈ ಲೇಖನದ ಉದ್ದೇಶವಾಗಿದೆ.

2. 1854ರ ಚೀಟಿಗಳ ಮುದ್ರಣದ ಹಿನ್ನೆಲೆ

ಅಂಟಿಸುವ ಅಂಚೆಚೀಟಿ ಮೊದಲಿಗೆ ಬಳಕೆಗೆ ಬಂದುದು 1840ರ ಮೇ ತಿಂಗಳಲ್ಲಿ, ಬ್ರಿಟನ್ನಿನಲ್ಲಿ. ಭಾರತದಲ್ಲಿ 1852ರಲ್ಲಿ ಸಿಂಧ್ ಪ್ರಾಂತ್ಯದ ಕಮಿಷನರ್ ಬಾರ್ಟಲ್ ಫ್ರೆರೆ ತನ್ನ ಪ್ರಾಂತ್ಯಕ್ಕೆ ಸೀಮಿತವಾಗಿ 'ಸಿಂಧ್ ಡಾಕ್' ಎಂಬ ಉಬ್ಬಚ್ಚಿನ ಚೀಟಿಗಳನ್ನು ಹೊರತಂದನು. ಇಡೀ ಬ್ರಿಟಿಷ್ ಇಂಡಿಯಾಕ್ಕೆ ಅನ್ವಯಿಸುವ ಚೀಟಿಗಳು ಜಾರಿಗೆ ಬಂದುದು 1854ರ ಅಕ್ಟೋಬರ್ 1ರಂದು. ಕಾಲು ತೊಲೆಯೊಳಗಿನ ಪತ್ರಕ್ಕೆ, ದೂರವೆಷ್ಟೇ ಇರಲಿ, ಅರ್ಧ ಆಣೆಯ ದರ ನಿಗದಿಯಾಯಿತು. ಧಾರವಾಡ, ಬೆಳಗಾವಿಗಳು ಮುಂಬಯಿ ಪ್ರಾಂತ್ಯದಲ್ಲೂ ಮಂಗಳೂರು, ಬಳ್ಳಾರಿಗಳು ಮದರಾಸು ಪ್ರಾಂತ್ಯದಲ್ಲೂ ಇದ್ದ ಆ ಕಾಲದಲ್ಲಿ ಈ ಎಲ್ಲ ಊರುಗಳಿಗೂ ಇವೇ ಚೀಟಿಗಳು ಅನ್ವಯಿಸಿದವು.

ಈ ಚೀಟಿಗಳು ಕಲ್ಕತ್ತೆಯ ಸರ್ವೇಯರ್ ಜನರಲ್ ಕಚೇರಿಯಲ್ಲಿ, ಕ್ಯಾಪ್ಟನ್ ಎಚ್. ಎಲ್. ಥುಲಿಯರ್‌ನ ಮೇಲ್ವಿಚಾರಣೆಯಲ್ಲಿ, ಕಲ್ಲಚ್ಚಿನ ವಿಧಾನದಿಂದ ತಯಾರಾದವು. ನಕ್ಷೆಗಳನ್ನು ಮುದ್ರಿಸುತ್ತಿದ್ದ ಕಚೇರಿಗೆ ಚೀಟಿಗಳ ಮುದ್ರಣ ಹೊಸ ಕೆಲಸವಾಗಿತ್ತು. ಮೊದಲು ಅರ್ಧ ಆಣೆಯ ಚೀಟಿಯನ್ನು ಸಿಂಧೂರ ಕೆಂಪಿನಲ್ಲಿ ಮುದ್ರಿಸಲಾಯಿತು. ಪಕ್ಕದ ಅಂಚಿನಲ್ಲಿ ಒಂಬತ್ತೂವರೆ ಕಮಾನುಗಳಿರುವ ಈ ಚೀಟಿ ಅಧಿಕೃತವಾಗಿ ಬಿಡುಗಡೆಯಾಗಲೇ ಇಲ್ಲ. ಇಂಗ್ಲೆಂಡಿನಿಂದ ಬಂದಿದ್ದ ಸಿಂಧೂರ ಶಾಯಿ ಮುಗಿದುಹೋಯಿತು. ಇಲ್ಲಿ ದೊರೆತ ಸಿಂಧೂರ ಕಲ್ಲಚ್ಚಿಗೆ ಒಗ್ಗಲಿಲ್ಲ. ಆದುದರಿಂದ ಎಂಟು ಕಮಾನುಗಳ ಹೊಸ ಮೂಲವನ್ನು ಸಿದ್ಧಪಡಿಸಿ, 1854ರ ಮೇ ತಿಂಗಳಿನಿಂದ ನೀಲಿಯಲ್ಲಿ ಮುದ್ರಣ ಪ್ರಾರಂಭಿಸಲಾಯಿತು. ಭಾರತದ ಮೊದಲ ಸಾಮಾನ್ಯ ಚೀಟಿಯ ಬಣ್ಣವನ್ನು ನಿರ್ಧರಿಸಿದ್ದು ಹೀಗೆ ಶಾಯಿಯ ಅಭಾವವೇ ಎಂಬುದು ಗಮನಾರ್ಹ.

ಕಲ್ಲಚ್ಚು ಕನ್ನಡ ವಿದ್ವಾಂಸರಿಗೆ ಅಪರಿಚಿತವಲ್ಲ. ಬಾಸೆಲ್ ಮಿಷನ್ ಮಂಗಳೂರಿನಲ್ಲಿ 1841ರಲ್ಲಿ ಆರಂಭಿಸಿದ ಮುದ್ರಣಾಲಯ ಕಲ್ಲಚ್ಚಿನದೇ. 1843ರ 'ಮಂಗಳೂರ ಸಮಾಚಾರ' ಮುದ್ರಣವಾದುದೂ ಇದೇ ವಿಧಾನದಲ್ಲಿ. ಮೊಳೆಗಳನ್ನು ಜೋಡಿಸುವ ಅಚ್ಚಿನಲ್ಲಿ ಒಮ್ಮೆ ಎರಕ ಹೊಯ್ದ ಅಕ್ಷರ ಪ್ರತಿಬಾರಿಯೂ ಒಂದೇ ಆಕಾರದಲ್ಲಿ ಬರುತ್ತದೆ. ಕಲ್ಲಚ್ಚಿನಲ್ಲಿ ಹಾಗಲ್ಲ. ಜಿಡ್ಡಿನ ಶಾಯಿಯ ಪಡಿಯಚ್ಚನ್ನು ಕಾಗದದಿಂದ ಕಲ್ಲಿಗೆ ವರ್ಗಾಯಿಸುವ ಪ್ರತಿ ಹಂತದಲ್ಲಿಯೂ ಗೆರೆಯೊಂದು ಮುರಿಯಬಹುದು, ಚುಕ್ಕೆಯೊಂದು ಸೇರಬಹುದು. ಓಲೆಗರಿಯ ಪ್ರತಿಕಾರನ ಕೈಯಲ್ಲಿ ಪಾಠಾಂತರ ಹುಟ್ಟುವ ಬಗೆಗೂ ಇದಕ್ಕೂ ಹತ್ತಿರದ ಸಾದೃಶ್ಯವಿದೆ.

3. ಅಚ್ಚಿನ ಭೇದಗಳ ಶ್ರೇಣಿ

ಚೀಟಿಗಳ ಭೇದಗಳನ್ನು ಪರಿಶೀಲಿಸುವಾಗ ಎಲ್ಲ ವ್ಯತ್ಯಾಸಗಳಿಗೂ ಸಮಾನ ಬೆಲೆ ಕೊಡುವುದು ಸಾಧುವಲ್ಲ. ವ್ಯತ್ಯಾಸ ಯಾವ ಹಂತದಲ್ಲಿ ಹುಟ್ಟಿತು ಎಂಬುದೇ ಅದರ ಬೆಲೆಯನ್ನು ನಿರ್ಧರಿಸುತ್ತದೆ. ಈ ದೃಷ್ಟಿಯಿಂದ ನಾಲ್ಕು ಹಂತಗಳನ್ನು ಗುರುತಿಸಬಹುದಾಗಿದೆ.

ಮೊದಲನೆಯದು ಮೂಲಪಡಿ. ತಾಮ್ರದ ತಗಡಿನ ಮೇಲೆ ಕೊರೆದ ಈ ಮೂಲ ಚಿತ್ರಕ್ಕೆ ಚೀಟಿಶಾಸ್ತ್ರದಲ್ಲಿ 'ಡೈ' ಎಂದು ಹೆಸರು. ಅರ್ಧ ಆಣೆಯ ನೀಲಿ ಚೀಟಿಗೆ ಮೂರು ಡೈಗಳಿವೆ. ಇವುಗಳನ್ನು ಬೇರ್ಪಡಿಸುವ ಲಕ್ಷಣ ಇರುವುದು ವಿಕ್ಟೋರಿಯಾ ರಾಣಿಯ ತುರುಬಿನಲ್ಲಿ. ಮೊದಲ ಡೈಯಲ್ಲಿ ತುರುಬಿನ ನೆರಳು ಬಹುಮಟ್ಟಿಗೆ ಶಾಯಿ ತುಂಬಿದ ದಟ್ಟ ಮಚ್ಚೆಗಳಿಂದ ಕೂಡಿದೆ. ಎರಡನೆಯದರಲ್ಲಿ ಮಚ್ಚೆಗಳು ಬಹಳ ಕಡಿಮೆ. ಮೂರನೆಯದರಲ್ಲಿ ಅವು ಇಲ್ಲವೆನ್ನುವಷ್ಟು ವಿರಳ. ಮೊದಲ ಡೈಯಿಂದ ಮುದ್ರಣ 1854ರ ಮೇ ತಿಂಗಳಲ್ಲಿ, ಎರಡನೆಯದರಿಂದ ಅದೇ ವರ್ಷದ ಆಗಸ್ಟ್‌ನಲ್ಲಿ, ಮೂರನೆಯದರಿಂದ 1855ರ ಜುಲೈ-ಆಗಸ್ಟ್ ತಿಂಗಳುಗಳಲ್ಲಿ ನಡೆಯಿತು. ಆದುದರಿಂದ ಮೂರನೆಯ ಡೈಯ ಚೀಟಿ ಹಚ್ಚಿದ ಪತ್ರ 1855ರ ಜುಲೈಗಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ತುರುಬಿನ ಕೆಲವು ಗೆರೆಗಳು ಹೀಗೆ ಪತ್ರದ ಕಾಲದ ಪೂರ್ವಮಿತಿಯನ್ನು ನಿಗದಿಪಡಿಸುತ್ತವೆ. ಆದರೆ ಮುದ್ರಣದ ಕಾಲ ಬೇರೆ, ಬಳಕೆಯ ಕಾಲ ಬೇರೆ. ಹಳೆಯ ದಾಸ್ತಾನು ವರ್ಷಗಳ ನಂತರವೂ ಖರ್ಚಾಗಬಹುದು. ಹಾಗಾಗಿ ಡೈ ಪೂರ್ವಮಿತಿಯನ್ನು ಮಾತ್ರ ಕೊಡುತ್ತದೆ, ಉತ್ತರಮಿತಿಯನ್ನಲ್ಲ.

ಎರಡನೆಯದು ಕಲ್ಲು ಮತ್ತು ಹಾಳೆಯಲ್ಲಿನ ಸ್ಥಾನ. ಅರ್ಧ ಆಣೆಯ ಹಾಳೆಯಲ್ಲಿ ಸಾಲಿಗೆ ಎಂಟರಂತೆ ಹನ್ನೆರಡು ಸಾಲುಗಳು, ಒಟ್ಟು 96 ಚೀಟಿಗಳು. ವರ್ಗಾವಣೆಯಲ್ಲಿ ಉಂಟಾದ ಮುರಿದ ಗೆರೆ, ಹೆಚ್ಚುವರಿ ಚುಕ್ಕೆ, ಅಂಚಿನ ಕಚ್ಚು ಆ ಕಲ್ಲಿನಿಂದ ಮುದ್ರಿತವಾದ ಪ್ರತಿ ಹಾಳೆಯ ಅದೇ ಸ್ಥಾನದಲ್ಲಿ ಮರುಕಳಿಸುತ್ತದೆ. ಇದು ಸ್ಥಿರದೋಷ. ಬಿಡಿ ಚೀಟಿಗಳನ್ನೂ ಜೋಡಿಗಳನ್ನೂ ಹೋಲಿಸುತ್ತ, ಸ್ಥಿರದೋಷಗಳ ಆಧಾರದಿಂದ ಇಡೀ ಹಾಳೆಯನ್ನು ಪುನಾರಚಿಸಬಹುದು. ಎಲ್. ಎಲ್. ಆರ್. ಹೌಸ್‌ಬರ್ಗ್, ಸಿ. ಸ್ಟುವರ್ಟ್-ವಿಲ್ಸನ್ ಮತ್ತು ಸಿ. ಎಸ್. ಎಫ್. ಕ್ರಾಫ್ಟನ್ ಅವರು 1907ರಲ್ಲಿ ಪ್ರಕಟಿಸಿದ ಬ್ರಿಟಿಷ್ ಇಂಡಿಯಾದ ಚೀಟಿಗಳ ಗ್ರಂಥ ಇಂತಹ ಅಧ್ಯಯನಕ್ಕೆ ಭದ್ರವಾದ ಬುನಾದಿ ಹಾಕಿತು. ಹಲವು ಪ್ರತಿಗಳಲ್ಲಿ ಸಮಾನವಾಗಿ ಕಂಡುಬರುವ ಸ್ಖಾಲಿತ್ಯಗಳಿಂದ ಪ್ರತಿಗಳ ವಂಶವೃಕ್ಷವನ್ನು ರಚಿಸುವುದು ಗ್ರಂಥಸಂಪಾದನೆಯಲ್ಲಿ ಪರಿಚಿತವಾದ ಕ್ರಮ. ಇಲ್ಲಿ ನಡೆಯುವುದೂ ಅದೇ ತರ್ಕದ ಅನ್ವಯ.

ಮೂರನೆಯದು ಮುದ್ರಣದ ಆಕಸ್ಮಿಕ. ಶಾಯಿ ಕಡಿಮೆಯಾದುದು, ಕಾಗದ ಮಡಿಚಿದುದು, ಧೂಳಿನ ಕಣ ಅಡ್ಡಬಂದುದು ಒಂದೆರಡು ಹಾಳೆಗಳಿಗಷ್ಟೇ ಸೀಮಿತ. ಇದು ಅಸ್ಥಿರದೋಷ. ಇದರಿಂದ ಕಾಲನಿರ್ಣಯ ಸಾಧ್ಯವಿಲ್ಲ. ಆದರೆ ಕೆಲವು ಆಕಸ್ಮಿಕಗಳು ಮುದ್ರಣಕ್ರಮವನ್ನೇ ಬಯಲುಮಾಡುತ್ತವೆ. 1854ರ ನಾಲ್ಕು ಆಣೆಯ ಚೀಟಿಗೆ ಕೆಂಪು ಚೌಕಟ್ಟು, ನೀಲಿ ತಲೆ. ಎರಡು ಬಣ್ಣಗಳಿಗೆ ಎರಡು ಕಲ್ಲುಗಳಿದ್ದು ಪ್ರತಿ ಹಾಳೆ ಎರಡು ಬಾರಿ ಅಚ್ಚಿಗೆ ಹೋಗಬೇಕಿತ್ತು. ಹಾಳೆ ತಿರುಗಿ ಹೋದಾಗ ಚೌಕಟ್ಟಿನೊಳಗೆ ರಾಣಿಯ ತಲೆ ತಲೆಕೆಳಗಾಗಿ ಮುದ್ರಿತವಾಯಿತು. ಬೆರಳೆಣಿಕೆಯ ಪ್ರತಿಗಳಷ್ಟೇ ಉಳಿದಿರುವ ಈ ಚೀಟಿ ಜಗತ್ತಿನ ಬಹುವರ್ಣ ಚೀಟಿಗಳ ತಪ್ಪುಗಳಲ್ಲಿ ಅತ್ಯಂತ ಹಳೆಯವುಗಳ ಸಾಲಿಗೆ ಸೇರಿದೆ.

ನಾಲ್ಕನೆಯದು ಮುದ್ರಣಾನಂತರದ ಬದಲಾವಣೆ. ಬಿಸಿಲು, ನೀರು, ಹೊಗೆ, ಅಂಟು, ಕೊನೆಗೆ ಮನುಷ್ಯನ ಕೈವಾಡ, ಇವೆಲ್ಲ ಇದರಲ್ಲಿ ಸೇರುತ್ತವೆ. ಇದು ಚೀಟಿಯ ಭೇದವಲ್ಲ, ಚೀಟಿಯ ಅವಸ್ಥೆ. ಈ ಎರಡನ್ನು ಬೆರೆಸುವುದೇ ವಿಂಗಡಣೆಯಲ್ಲಿ ಆಗುವ ಬಹುದೊಡ್ಡ ಪ್ರಮಾದ. ಈ ಪ್ರಮಾದ ಹೆಚ್ಚಾಗಿ ಕಾಣುವುದು ವರ್ಣಛಾಯೆಯ ವಿಚಾರದಲ್ಲಿ.

4. ಮುದ್ರಣವಿಧಾನ ಮತ್ತು ಜಲಚಿಹ್ನೆ

ಛಾಯೆಯ ಚರ್ಚೆಗೆ ಮೊದಲು ಚೀಟಿ ಯಾವ ವಿಧಾನದಿಂದ ಮುದ್ರಿತವಾಗಿದೆ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಹತ್ತುಪಟ್ಟು ಹಿಗ್ಗಿಸುವ ಮಸೂರ ಇದಕ್ಕೆ ಸಾಕು. ಕೊರೆದಚ್ಚಿನಲ್ಲಿ ಶಾಯಿ ತಗಡಿನ ತಗ್ಗುಗಳಿಂದ ಕಾಗದಕ್ಕೆ ಏರುವುದರಿಂದ ಗೆರೆಗಳು ತುಸು ಉಬ್ಬಿರುತ್ತವೆ. ಬ್ರಿಟನ್ನಿನ 1840ರ ಕಪ್ಪು ಪೆನ್ನಿ ಚೀಟಿ ಇದಕ್ಕೆ ಉದಾಹರಣೆ. ಉಬ್ಬುಮೇಲ್ಮೈಯ ಅಚ್ಚಿನಲ್ಲಿ ಒತ್ತಡಕ್ಕೆ ಶಾಯಿ ಗೆರೆಯ ಅಂಚಿಗೆ ಸರಿದು ದಟ್ಟವಾಗುತ್ತದೆ, ಕಾಗದದ ಹಿಂಬದಿಯಲ್ಲಿ ಒತ್ತಿನ ಗುರುತು ಕಾಣಬಹುದು. 1854ರ ಎರಡು ಆಣೆಯ ಹಸುರು ಚೀಟಿ ಈ ವಿಧಾನದ್ದು. ಅದು ಮುದ್ರಿತವಾದುದು ಕಲ್ಕತ್ತೆಯ ಟಂಕಸಾಲೆಯಲ್ಲಿ. ಕಲ್ಲಚ್ಚಿನಲ್ಲಿ ಇವೆರಡೂ ಇಲ್ಲ. ಮೇಲ್ಮೈ ಸಮತಟ್ಟಾಗಿರುತ್ತದೆ, ಗೆರೆಯ ಅಂಚು ಮೃದುವಾಗಿರುತ್ತದೆ.

ಎರಡನೆಯ ಪರೀಕ್ಷೆ ಕಾಗದದ ಜಲಚಿಹ್ನೆಯದು. 1854ರ ಕಲ್ಲಚ್ಚಿನ ಹಾಳೆಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಲಾಂಛನ ಇಡೀ ಹಾಳೆಗೆ ಹರಡಿಕೊಂಡಿದೆ. ಆದುದರಿಂದ ಬಿಡಿ ಚೀಟಿಯಲ್ಲಿ ಅದರ ತುಣುಕು ಮಾತ್ರ ಕಾಣುತ್ತದೆ, ಕೆಲವೊಮ್ಮೆ ಏನೂ ಕಾಣದಿರಬಹುದು. 1855ರಿಂದ ಭಾರತದ ಚೀಟಿಗಳು ಲಂಡನ್ನಿನ ಡಿ ಲಾ ರ್ಯೂ ಸಂಸ್ಥೆಯಿಂದ ಬರತೊಡಗಿದವು. ಅವುಗಳಲ್ಲಿ ಜಲಚಿಹ್ನೆಯಿಲ್ಲದವು ಮೊದಲಿನವು. 1865ರಿಂದ ಆನೆಯ ತಲೆಯ ಚಿಹ್ನೆ, 1882ರಿಂದ ನಕ್ಷತ್ರದ ಚಿಹ್ನೆ ಕಾಣುತ್ತದೆ. 'ಈಸ್ಟ್ ಇಂಡಿಯಾ ಪೋಸ್ಟೇಜ್' ಎಂಬ ಬರಹ 'ಇಂಡಿಯಾ ಪೋಸ್ಟೇಜ್' ಎಂದಾದುದೂ 1882ರಿಂದಲೇ. ವರ್ಷವಿಲ್ಲದ ಪತ್ರವನ್ನು ಕೈಯಲ್ಲಿ ಹಿಡಿದ ಸಂಶೋಧಕನಿಗೆ ಈ ಮೂರು ಸಂಗತಿಗಳಷ್ಟು ತಿಳಿದಿದ್ದರೂ ಸಾಕಷ್ಟು ಪ್ರಯೋಜನವಿದೆ.

5. ವರ್ಣಛಾಯೆ: ಶಾಯಿಯದೋ ಕಾಲದ್ದೋ

ಅರ್ಧ ಆಣೆಯ ಚೀಟಿಯ ಮೊದಲ ಡೈಯಲ್ಲಿ ತಿಳಿನೀಲಿ, ನೀಲಿ, ಕಡುನೀಲಿ ಮತ್ತು ಇಂಡಿಗೊ ಛಾಯೆಗಳು ದಾಖಲಾಗಿವೆ. ಎರಡನೆಯದರಲ್ಲಿ ನೀಲಿ ಮತ್ತು ಇಂಡಿಗೊ. ಮೂರನೆಯದರಲ್ಲಿ ತಿಳಿನೀಲಿ, ನೀಲಿ, ಕಡುನೀಲಿಗಳ ಜೊತೆಗೆ ಹಸುರು ಬೆರೆತ ನೀಲಿ ಕಾಣಿಸುತ್ತದೆ. ಈ ಪಟ್ಟಿಯಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ಬರಿಯ 'ನೀಲಿ' ಮೂರೂ ಡೈಗಳಿಗೆ ಸಾಮಾನ್ಯ. ಆದುದರಿಂದ ಬಣ್ಣವೊಂದರಿಂದಲೇ ಚೀಟಿಯನ್ನು ಗುರುತಿಸಲಾಗದು. ಎರಡು, ಹಸುರು ಬೆರೆತ ನೀಲಿ ಮೂರನೆಯ ಡೈಗೆ ಸೀಮಿತ. ಡೈಯನ್ನು ನಿಶ್ಚಯಿಸಿಕೊಂಡ ಬಳಿಕ ಛಾಯೆ ಅದಕ್ಕೆ ಪೋಷಕ ಸಾಕ್ಷ್ಯವಾಗುತ್ತದೆ. ಡೈ ಮೊದಲು, ಛಾಯೆ ಅನಂತರ ಎಂಬ ಈ ಕ್ರಮವನ್ನು ಮೀರುವಂತಿಲ್ಲ.

ಛಾಯೆಗಳು ಹುಟ್ಟುವುದಕ್ಕೆ ಮುದ್ರಣಾಲಯದಲ್ಲಿಯೇ ಹಲವು ಕಾರಣಗಳಿವೆ. ಕೈಯಿಂದ ಅರೆದು ಬೆರೆಸಿದ ಶಾಯಿಯ ಪ್ರತಿ ಪಾಕವೂ ಒಂದೇ ರೀತಿ ಬರುವುದಿಲ್ಲ. ಎಣ್ಣೆಯ ಪ್ರಮಾಣ, ಕಲ್ಲಿಗೆ ಹಚ್ಚಿದ ಶಾಯಿಯ ದಪ್ಪ, ಕಾಗದದ ತೇವ ಇವೆಲ್ಲವೂ ಪರಿಣಾಮ ಬೀರುತ್ತವೆ. ಕೆಲವೊಮ್ಮೆ ಕಾಗದ ಮತ್ತು ಶಾಯಿಗಳ ರಾಸಾಯನಿಕ ಕ್ರಿಯೆಯೇ ಬಣ್ಣವನ್ನು ಬದಲಿಸುತ್ತದೆ. ಬ್ರಿಟನ್ನಿನ ಕಪ್ಪು ಪೆನ್ನಿ ಚೀಟಿಯ ಮೇಲಿನ ಮುದ್ರೆಯನ್ನು ಅಳಿಸಿ ಮತ್ತೆ ಬಳಸುವ ಮೋಸವನ್ನು ತಡೆಯಲು 1841ರಲ್ಲಿ ಆ ಚೀಟಿಯನ್ನು ಕೆಂಗಂದಿಗೆ ಬದಲಾಯಿಸಲಾಯಿತು. ಆ ಕೆಂಪು ಚೀಟಿಗಳ ಬಿಳಿಯ ಕಾಗದ ನೀಲಿಗಟ್ಟಿರುವುದನ್ನು ಕಾಣುತ್ತೇವೆ. ಶಾಯಿಯಲ್ಲಿದ್ದ ಪೊಟ್ಯಾಶಿಯಂ ಪ್ರುಸಿಯೇಟ್ ಇದಕ್ಕೆ ಕಾರಣ. ಇಂತಹ ನೀಲಿಯನ್ನೂ 1855ರ ಭಾರತದ ನಾಲ್ಕು ಆಣೆ ಮತ್ತು ಎಂಟು ಆಣೆಯ ಚೀಟಿಗಳಲ್ಲಿರುವ ನೀಲಿಛಾಯೆಯ ಕಾಗದವನ್ನೂ ಬಣ್ಣದ ಸಾಮ್ಯವೊಂದರಿಂದಲೇ ಸಮೀಕರಿಸುವುದು ಸರಿಯಲ್ಲ. ಪ್ರತಿ ಪ್ರಕರಣದಲ್ಲಿಯೂ ಕಾರಣವನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕು.

ಇನ್ನು ಕಾಲ ಮಾಡುವ ಬದಲಾವಣೆಗಳು. ಸೀಸದ ವರ್ಣದ್ರವ್ಯವುಳ್ಳ ಕಿತ್ತಳೆ ಮತ್ತು ಸಿಂಧೂರ ಶಾಯಿಗಳು ಗಾಳಿಯಲ್ಲಿನ ಗಂಧಕಾಂಶದಿಂದ ಕಂದು ಅಥವಾ ಕಪ್ಪಾಗುತ್ತವೆ. ದುರ್ಬಲಗೊಳಿಸಿದ ಹೈಡ್ರೋಜನ್ ಪೆರಾಕ್ಸೈಡ್ ತಾಗಿಸಿದಾಗ ಬಣ್ಣ ಬಹುಮಟ್ಟಿಗೆ ಮರಳಿದರೆ ಅದು ಕಂದು ಛಾಯೆಯಲ್ಲ, ಕಪ್ಪಾದ ಕಿತ್ತಳೆ ಎಂದು ತಿಳಿಯಬಹುದು. ಆದರೆ ಈ ಪ್ರಯೋಗವನ್ನು ದಾಖಲೆಯ ಮೇಲಿರುವ ಚೀಟಿಯ ಮೇಲೆ ಎಂದಿಗೂ ಮಾಡಬಾರದು. 1880ರ ದಶಕದಲ್ಲಿ ಬ್ರಿಟನ್ನಿನ ಕೆಲವು ಹಸುರು ಮತ್ತು ನೇರಳೆ ಚೀಟಿಗಳಿಗೆ ನೀರಿಗೆ ಕರಗುವ ಶಾಯಿಯನ್ನು ಉದ್ದೇಶಪೂರ್ವಕವಾಗಿಯೇ ಬಳಸಲಾಗಿತ್ತು. ಇವುಗಳನ್ನು ನೆನೆಸಿ ಲಕೋಟೆಯಿಂದ ಬಿಡಿಸಿದಾಗ ಉಳಿಯುವ ಮಂಕು ಬಣ್ಣವನ್ನು ಹೊಸ ಛಾಯೆಯೆಂದು ಭ್ರಮಿಸಿದವರಿದ್ದಾರೆ. ಬಿಸಿಲಿಗೆ ಮಾಸಿದ ಕಡುನೀಲಿಯನ್ನು ತಿಳಿನೀಲಿಯೆಂದು ದಾಖಲಿಸುವುದೂ ಇದೇ ಬಗೆಯ ತಪ್ಪು. ಚೀಟಿಯ ಮೇಲಿನ ಮುದ್ರೆಯ ಶಾಯಿ ಮತ್ತು ಸುತ್ತಲಿನ ಕಾಗದ ಕೂಡ ಮಾಸಿವೆಯೇ ಎಂಬುದನ್ನು ನೋಡಿದರೆ ಈ ತಪ್ಪನ್ನು ಹಲವು ವೇಳೆ ತಪ್ಪಿಸಬಹುದು. ಚೀಟಿಯನ್ನು ಲಕೋಟೆಯಿಂದ ಬೇರ್ಪಡಿಸಿದರೆ ಆ ಹೋಲಿಕೆಗೆ ಅವಕಾಶವೇ ಇಲ್ಲ.

ನೋಡುವ ಬೆಳಕಿನ ಮಹತ್ವವೂ ಇಲ್ಲಿ ಕಡಿಮೆಯಲ್ಲ. ಬೇರೆ ಬೇರೆ ವರ್ಣದ್ರವ್ಯಗಳಿಂದಾದ ಎರಡು ನೀಲಿಗಳು ವಿದ್ಯುದ್ದೀಪದಡಿ ಒಂದೇ ಆಗಿ ಕಂಡು ಹಗಲಿನಲ್ಲಿ ಬೇರೆಯಾಗಬಹುದು. ಆದುದರಿಂದ ನೇರ ಬಿಸಿಲಿಲ್ಲದ ಹಗಲಿನ ಬೆಳಕಿನಲ್ಲಿ, ಬೂದು ಹಿನ್ನೆಲೆಯ ಮೇಲೆ, ದಿನಾಂಕ ತಿಳಿದಿರುವ ಚೀಟಿಗಳನ್ನು ಪಕ್ಕದಲ್ಲಿಟ್ಟು ಹೋಲಿಸುವುದು ಉತ್ತಮ. ಅತಿನೇರಳೆ ದೀಪದಡಿ ಕೆಲವು ಶಾಯಿಗಳು ವಿಶಿಷ್ಟವಾಗಿ ಹೊಳೆಯುವುದರಿಂದ ಅದೂ ಸಹಾಯಕ.

6. ಛಾಯೆಗಳ ಹೆಸರು ಮತ್ತು ಕನ್ನಡ

ಛಾಯೆಗಳಿಗೆ ಹೆಸರಿಡುವಲ್ಲಿ ಗೊಂದಲ ಹಳೆಯದು. ಒಂದು ಪಟ್ಟಿಯ ಕಡುನೀಲಿ ಇನ್ನೊಂದರ ನೀಲಿಯಾಗಿರುತ್ತದೆ. ರಾಬರ್ಟ್ ರಿಡ್ಜ್‌ವೇ 1912ರಲ್ಲಿ ಪ್ರಕಟಿಸಿದ, ಒಂದು ಸಾವಿರಕ್ಕೂ ಮಿಕ್ಕಿದ ಬಣ್ಣಗಳ ಮಾದರಿಗಳಿರುವ ಗ್ರಂಥವನ್ನು ಚೀಟಿಶಾಸ್ತ್ರಜ್ಞರೂ ಬಳಸಿಕೊಂಡರು. ಮುನ್ಸೆಲ್ ರೂಪಿಸಿದ ಪದ್ಧತಿ ಬಣ್ಣವನ್ನು ಮೂರು ಗುಣಗಳಾಗಿ ವಿಭಜಿಸುತ್ತದೆ: ವರ್ಣ, ಗಾಢತೆ, ಶುದ್ಧತೆ.

ಈ ಮೂರು ಗುಣಗಳಿಗೂ ಕನ್ನಡದಲ್ಲಿ ಪದಗಳಿವೆ ಎಂಬುದು ನಮಗೆ ಆಸಕ್ತಿಯ ವಿಷಯ. ಗಾಢತೆಗೆ 'ತಿಳಿ', 'ನಸು', 'ಕಡು' ಎಂಬ ವಿಶೇಷಣಗಳು. ಶುದ್ಧತೆಗೆ 'ಮಾಸಲು', 'ಮಂಕು', 'ಉಜ್ವಲ'. ವರ್ಣದ ಓಲುವೆಗೆ 'ಹಸುರು ಬೆರೆತ', 'ಕೆಂಪು ಬೆರೆತ' ಎಂಬ ಪ್ರಯೋಗಗಳು. ಆದರೆ ಇವುಗಳನ್ನು ನಾವು ಪರ್ಯಾಯಗಳಂತೆ ಬಳಸಿಬಿಡುತ್ತೇವೆ. ತಿಳಿನೀಲಿ ಎಂದರೆ ಶಾಯಿ ತೆಳುವಾದ ನೀಲಿ. ಮಾಸಲು ನೀಲಿ ಎಂದರೆ ಹೊಳಪು ಕಳೆದ ನೀಲಿ. ಮೊದಲನೆಯದು ಮುದ್ರಣದ ಲಕ್ಷಣವಾಗಿರಬಹುದು, ಎರಡನೆಯದು ಹಲವು ವೇಳೆ ಕಾಲದ ಲಕ್ಷಣ. ಪತ್ರಸಂಗ್ರಹಗಳ ಸೂಚಿಗಳನ್ನು ಕನ್ನಡದಲ್ಲಿ ಸಿದ್ಧಪಡಿಸುವವರು ಈ ವಿಶೇಷಣಗಳನ್ನು ನಿಯತವಾದ ಅರ್ಥದಲ್ಲಿ ಬಳಸುವುದು ಅಗತ್ಯ. ಪರಭಾಷೆಯ ಪದಪಟ್ಟಿಯನ್ನು ಎರವಲು ತರುವ ಅವಶ್ಯಕತೆ ಇಲ್ಲಿ ಹೆಚ್ಚಾಗಿಲ್ಲ.

7. ದರ್ಜೆಯ ನಿರ್ಧಾರ

ಸಂಗ್ರಾಹಕರು ಚೀಟಿಯ ದರ್ಜೆಯನ್ನು ಅದರ ಸ್ಥಿತಿಯಿಂದ ನಿರ್ಧರಿಸುತ್ತಾರೆ. 1854ರ ಚೀಟಿಗಳಿಗೆ ರಂಧ್ರಾಂಚು ಇರಲಿಲ್ಲ. ಅವುಗಳನ್ನು ಕತ್ತರಿಯಿಂದ ಬಿಡಿಸಬೇಕಿತ್ತು. ಹಾಗಾಗಿ ನಾಲ್ಕೂ ಬದಿಗಳಲ್ಲಿ ಬಿಳಿಯಂಚು ಉಳಿದಿರುವುದು, ಹರಿದಿರದಿರುವುದು, ತೇಪೆಯಿಲ್ಲದಿರುವುದು, ಬಣ್ಣದ ತಾಜಾತನ, ಮುದ್ರೆ ಚಿತ್ರವನ್ನು ಮುಚ್ಚದಿರುವುದು ಇವೇ ಮಾನದಂಡಗಳು. ಸಂಶೋಧಕನಿಗೆ ಈ ದರ್ಜೆ ಕೆಲವೊಮ್ಮೆ ತಲೆಕೆಳಗಾಗುತ್ತದೆ. ಚಿತ್ರವನ್ನು ಪೂರ್ತಿ ಮುಚ್ಚಿದರೂ ಓದಲು ಬರುವ ಮುದ್ರೆ ಅವನಿಗೆ ಸ್ವಚ್ಛವಾದ ಚೀಟಿಗಿಂತ ಬೆಲೆಯುಳ್ಳದ್ದು.

ಗುರುತಿಸುವಿಕೆಯ ಮಟ್ಟಿಗೆ ಮೂರು ದರ್ಜೆಗಳನ್ನು ಸೂಚಿಸಬಹುದಾಗಿದೆ. ಡೈ, ಜಲಚಿಹ್ನೆ, ಮುದ್ರೆಯ ದಿನಾಂಕಗಳಲ್ಲಿ ಕನಿಷ್ಠ ಎರಡು ಹೊಂದಿಕೆಯಾದರೆ ನಿರ್ಣಯ 'ನಿಶ್ಚಿತ'. ಒಂದೇ ಸಾಕ್ಷ್ಯವಿದ್ದು ಛಾಯೆ ಅದಕ್ಕೆ ಪೋಷಕವಾದರೆ 'ಸಂಭಾವ್ಯ'. ಛಾಯೆಯೊಂದೇ ಆಧಾರವಾದರೆ 'ಅನಿರ್ಣೀತ'. ಛಾಯೆ ಎಷ್ಟೇ ಆಕರ್ಷಕವಾಗಿರಲಿ, ಒಂಟಿಯಾಗಿ ಅದು ಸಾಕ್ಷಿಯಾಗದು.

8. ಉಪಸಂಹಾರ

ಕರ್ನಾಟಕದ ಪತ್ರಸಂಗ್ರಹಗಳು ಒಂದೇ ಅಂಚೆವ್ಯವಸ್ಥೆಗೆ ಸೇರಿದವಲ್ಲ. ಮೈಸೂರಿನಲ್ಲಿ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ವಿಲೀನವಾಗುವವರೆಗೂ ಸಂಸ್ಥಾನದ್ದೇ ಆದ ಅಂಚೆ ಇತ್ತು. ಬೀದರ, ಗುಲಬರ್ಗಾ, ರಾಯಚೂರು ಪ್ರದೇಶಗಳ ಪತ್ರಗಳಲ್ಲಿ 1869ರಿಂದ ಮುಂದೆ ಹೈದರಾಬಾದ್ ಸಂಸ್ಥಾನದ ಚೀಟಿಗಳನ್ನು ನಿರೀಕ್ಷಿಸಬೇಕು. ಪ್ರತಿಯೊಂದಕ್ಕೂ ತನ್ನದೇ ಆದ ಅಚ್ಚಿನ ಭೇದಗಳಿವೆ. ಕನ್ನಡ ವಿಭಾಗಗಳು ಪತ್ರಗಳನ್ನು ಸಂಪಾದಿಸುವಾಗ ಒಕ್ಕಣೆಯನ್ನು ಮಾತ್ರ ನಕಲು ಮಾಡಿಕೊಂಡು ಲಕೋಟೆಯನ್ನು ಕೈಬಿಡುವ ಪರಿಪಾಠ ನಿಲ್ಲಬೇಕು. ಲಕೋಟೆಯ ಎರಡೂ ಬದಿಗಳ ಛಾಯಾಚಿತ್ರ, ಚೀಟಿಯ ಬೆಲೆ, ಬರಹ, ಜಲಚಿಹ್ನೆ, ಮುದ್ರೆಯ ಪಾಠ ಇವು ಸೂಚಿಯ ಅಂಗವಾಗಬೇಕು. ಚೀಟಿಯನ್ನು ಲಕೋಟೆಯಿಂದ ಬಿಡಿಸಬಾರದು, ನೆನೆಸಬಾರದು, ಕತ್ತರಿಸಬಾರದು.

ಪಾಠವೊಂದನ್ನು ಅದರ ಹಸ್ತಪ್ರತಿಯಿಂದ ಬೇರ್ಪಡಿಸಿ ನೋಡಬಾರದೆಂದು ಗ್ರಂಥಸಂಪಾದನ ಶಾಸ್ತ್ರ ನಮಗೆ ಕಲಿಸಿದೆ. ಪತ್ರಕ್ಕೂ ಅದೇ ನಿಯಮ ಅನ್ವಯಿಸುತ್ತದೆ. ಆ ಮನೆತನದ ಕಟ್ಟಿನಲ್ಲಿ ಮೂಲೆ ಉಳಿದಿದ್ದ ಕೆಲವೇ ಲಕೋಟೆಗಳ ಪತ್ರಗಳಿಗೆ ಮಾತ್ರ ಇಂದು ವರ್ಷವನ್ನು ಹೇಳಲು ಸಾಧ್ಯವಾಗಿದೆ. ಉಳಿದವುಗಳಲ್ಲಿ ಮಾತು ಇದೆ, ಕಾಲವಿಲ್ಲ.